ಮುಕ್ಕಾಲಿನ ಲೆಕ್ಕ

ಕಾರವಾರದಲ್ಲಿ ಬೆಳೆದವನಿಗೆ ಸಮುದ್ರ ಗೊತ್ತೆಂಬ ಜಂಬ ಇರುತ್ತದೆ. ನವಿ ಮುಂಬಯಿಯ ಸಾನಪಾಡಾಕ್ಕೆ ಬಂದ ಮೊದಲ ಚಳಿಗಾಲದ ಹುಣ್ಣಿಮೆಗೆ ಅಲಿಬಾಗ್ ಆಚೆಯ ನಾಗಾಂವ್ ದಂಡೆಯಲ್ಲಿ, ನೀರಿನಿಂದ ನೂರು ಹೆಜ್ಜೆ ಬಿಟ್ಟು, ಸಂಜೆ ಆರಕ್ಕೆ ಟೆಂಟ್ ಹೊಡೆದೆ. ನಡುರಾತ್ರಿ ಹೆಂಡತಿ ಎಬ್ಬಿಸಿದಳು: “ರೀ, ಚಾಪೆ ಒದ್ದೆ.” ಚಪ್ಪಲಿಗಳು ಆಗಲೇ ತೇಲುತ್ತಿದ್ದವು.

ಕಾರವಾರದಲ್ಲಿ ಭರತಕ್ಕೂ ಇಳಿತಕ್ಕೂ ಎತ್ತರದ ಅಂತರ 2 ಮೀಟರ್ ಆಸುಪಾಸು. ಇಲ್ಲಿ ಹುಣ್ಣಿಮೆ, ಅಮಾವಾಸ್ಯೆಯ ಸುತ್ತ 4 ಮೀಟರ್ ದಾಟುತ್ತದೆ. ಮುಂಬಯಿ ಎದುರಿನ ಕಡಲತಳ ನೂರಾರು ಕಿಲೋಮೀಟರ್ ಆಳವಿಲ್ಲದೆ ಹರಡಿದೆ. ಅದರ ಮೇಲೆ ಭರತ ಉಬ್ಬುತ್ತ ಬರುತ್ತದೆ. ಅಲಿಬಾಗಿನ ಕುಲಾಬಾ ಕೋಟೆಗೆ ಇಳಿತದಲ್ಲಿ ನಡೆದೇ ಹೋಗಬಹುದು, ಭರತದಲ್ಲಿ ದೋಣಿಯೇ ಗತಿ.

ಇಲ್ಲಿನ ಕೋಳಿ ಸಮುದಾಯದ ಮೀನುಗಾರರ ಲೆಕ್ಕ ಸರಳ: ತಿಥಿಯ ಮುಕ್ಕಾಲು ಪಾಲೇ ಭರತದ ಗಂಟೆ. ಹುಣ್ಣಿಮೆ ಎಂದರೆ 15. ಮುಕ್ಕಾಲು ತೆಗೆದರೆ ಹನ್ನೊಂದೂಕಾಲು. ಅಂದರೆ ನಾನು ಗೂಟ ಹೊಡೆದಾಗ ಕಡಲು ತೀರಾ ಹಿಂದೆ ಸರಿದಿತ್ತು, ನಿದ್ದೆ ಹತ್ತಿದಾಗ ಬಾಗಿಲಿಗೆ ಬಂತು!

ಬೆಳದಿಂಗಳೆಂದು ಎಲ್ಲರೂ ಹುಣ್ಣಿಮೆ ಹಿಡಿಯುತ್ತಾರೆ. ನನ್ನ ಆಯ್ಕೆ ಶುಕ್ಲ ಅಷ್ಟಮಿ. ಎಂಟರ ಮುಕ್ಕಾಲು ಆರು. ಟೆಂಟ್ ಹೊಡೆಯುವ ಹೊತ್ತಿಗೇ ಕಡಲು ತನ್ನ ಗೆರೆ ತೋರಿಸಿಬಿಡುತ್ತದೆ. ಭರತವೂ ತಗ್ಗು. ಅರ್ಧ ಚಂದ್ರ ನಡುರಾತ್ರಿಯ ಹೊತ್ತಿಗೆ ಮುಳುಗಿದ ಮೇಲೆ ನಕ್ಷತ್ರಗಳೆಲ್ಲ ನಮ್ಮವು. ಆದರೂ ಗೆರೆಗಿಂತ ಮೇಲೆ, ಗಾಳಿಮರಗಳ ಅಂಚಿನಲ್ಲೇ ಮಲಗಿ. ಉದುರಿದ ಎಲೆಯೇ ಹಾಸಿಗೆ. ತೆಂಗಿನ ಬುಡ ಮಾತ್ರ ಬೇಡ. ಮರಳಿನಲ್ಲಿ ಗೂಟ ನಿಲ್ಲುವುದಿಲ್ಲ. ಚೀಲಕ್ಕೆ ಮರಳು ತುಂಬಿ, ಹಗ್ಗ ಬಿಗಿದು ಹೂಳಬೇಕು.

ಕಾಡೂ ಬೇಕೆನ್ನುವವರು ಕಾಶೀದ್ ದಾಟಿ ಫಣಸಾಡಕ್ಕೆ ಹೋಗಬೇಕು. ಜಂಜಿರಾ ನವಾಬರ ಬೇಟೆಕಾಡು, 1986ರಿಂದ ಅಭಯಾರಣ್ಯ. ಅಲ್ಲಿ ಸಿಕ್ಕಲ್ಲಿ ಟೆಂಟ್ ಹೊಡೆಯುವ ಆಸೆ ಬಿಡಿ; ಅರಣ್ಯ ಇಲಾಖೆ ಹೇಳಿದಲ್ಲೇ ಉಳಿಯಬೇಕು. ಬೆಳಿಗ್ಗೆ ಕೆಂದಳಿಲು ಕೊಂಬೆಯಿಂದ ಕೊಂಬೆಗೆ ಹಾರಿದರೆ ಪ್ರಯಾಣದ ದಣಿವು ಮರೆಯುತ್ತದೆ. ಒಲೆ ಹೊತ್ತಿಸಬೇಡಿ, ಅವಲಕ್ಕಿ ಸಾಕು.

ಪಂಚಾಂಗ ಕೈಗೆ ಸಿಗದಿದ್ದರೆ ಚಳಿಗಾಲದಲ್ಲಿ ಪಾಮ್ ಬೀಚ್ ರಸ್ತೆಯಲ್ಲೊಂದು ಸುತ್ತು ಹಾಕುತ್ತೇನೆ. ರಾಜಹಂಸಗಳು ಖಾಡಿಯ ಕೆಸರು ಬಿಟ್ಟು ನೆರೂಳಿನ ಕೆರೆಯಲ್ಲಿ ನಿಂತಿದ್ದರೆ ಭರತ ಏರಿದೆ ಎಂದು ತಿಳಿದು, ಗಡಿಯಾರ ನೋಡಿಕೊಳ್ಳುತ್ತೇನೆ.