ನೋಡುವವರ ಹಕ್ಕು: ಆನಂದ್ ಪಟವರ್ಧನ್ ಅವರ ಸಾಕ್ಷ್ಯಚಿತ್ರಗಳು

ಆನಂದ್ ಪಟವರ್ಧನ್ ಅಂದಕೂಡಲೇ ‘ಸೆನ್ಸಾರ್ ವಿರುದ್ಧ ಹೋರಾಡಿದ ನಿರ್ದೇಶಕ’ ಅಂತ ಹೇಳಿ ಮುಗಿಸ್ತೇವೆ. ಅದು ಅರ್ಧ ಮಾತು. ಅವರು ಕೇಳಿದ್ದು ತಮ್ಮೊಬ್ಬರ ಹಕ್ಕನ್ನಲ್ಲ, ನೋಡುವವರ ಹಕ್ಕನ್ನೂ ಸೇರಿಸಿ ಎಂಬುದು ನನ್ನ ವಾದ.

1978ರ ‘ಜಮೀರ್ ಕೆ ಬಂದಿ’ ನೋಡಿ. ತುರ್ತು ಪರಿಸ್ಥಿತಿ ಮುಗಿದು ಜನ ನಿಟ್ಟುಸಿರು ಬಿಟ್ಟಿದ್ದ ಕಾಲ. ಚಿತ್ರ ಮಾತ್ರ 1975ಕ್ಕಿಂತ ಮೊದಲೂ 1977ರ ನಂತರವೂ ಇದ್ದ ರಾಜಕೀಯ ಕೈದಿಗಳ ಕಡೆ ತಿರುಗುತ್ತದೆ. ಸರ್ಕಾರ ಬದಲಾದ ಮಾತ್ರಕ್ಕೆ ಜೈಲಿನ ಬಾಗಿಲು ತೆರೆಯೋದಿಲ್ಲ ಅನ್ನೋದೇ ಅದರ ತಿರುಳು.

ಮುಂದೆ ‘ವಾರ್ ಅಂಡ್ ಪೀಸ್’ಗೆ ಕತ್ತರಿ ಹಾಕಲು ಒಪ್ಪದೆ, 2003ರಲ್ಲಿ ಬಾಂಬೆ ಹೈಕೋರ್ಟಿನಲ್ಲಿ ಗೆದ್ದರು. ‘ಫಾದರ್, ಸನ್ ಅಂಡ್ ಹೋಲಿ ವಾರ್’ ಚಿತ್ರವನ್ನು ದೂರದರ್ಶನ ಪ್ರಸಾರ ಮಾಡಬೇಕೆಂದು 2006ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ದೂರದರ್ಶನವೇ ಯಾಕೆ? ಚಿತ್ರೋತ್ಸವಕ್ಕೆ ಬಾರದವರ ಮನೆಗೂ ಅದು ಹೋಗುತ್ತೆ, ಅದಕ್ಕೆ.

2019ರಲ್ಲಿ ಈ ಪ್ರಶ್ನೆ ನಮ್ಮ ಕೇರಳಕ್ಕೇ ಬಂತು. ದಾಭೋಲ್ಕರ್, ಪಾನ್ಸರೆ ಹತ್ಯೆಗಳ ಜಾಡು ಹಿಡಿದ ‘ವಿವೇಕ್’ ಚಿತ್ರವನ್ನು ತಿರುವನಂತಪುರದ ಉತ್ಸವದಲ್ಲಿ ತೋರಿಸಲು ಕೇಂದ್ರದ ಅನುಮತಿ ಸಿಗಲಿಲ್ಲ, ಹೈಕೋರ್ಟ್ ಮೆಟ್ಟಿಲೇರಬೇಕಾಯ್ತು. ಪ್ರದರ್ಶನಕ್ಕೆ ಒಪ್ಪಿಗೆ ಸಿಕ್ತು, ನಿಜ. ಆದರೆ ರಾಜ್ಯದ ಈ ತುದಿಯ ಕಾಸರಗೋಡಿನಲ್ಲಿ ಕೂತ ನಮಗೆ?

ನನ್ನ ತಕರಾರು ಇಲ್ಲಿದೆ. ತೀರ್ಪು ಚಿತ್ರವನ್ನು ಬಿಡಿಸುತ್ತದೆ, ಊರಿಗೆ ತಲುಪಿಸೋದಿಲ್ಲ. ಪಟವರ್ಧನ್ ಗೆದ್ದ ಹಕ್ಕು ಕಾಗದದಲ್ಲೇ ಉಳಿಯಬಾರದು ಅಂದ್ರೆ ಇಲ್ಲಿನ ಶಾಲೆ, ಸಂಘ, ವಾಚನಾಲಯಗಳಲ್ಲಿ ಚಿತ್ರ ತೋರಿಸಿ, ಕನ್ನಡದಲ್ಲಿ ವಿವರಿಸಿ, ಒಪ್ಪದವರೊಂದಿಗೆ ಜಗಳಾಡಬೇಕು. ಅದು ನಿರ್ದೇಶಕರ ಕೆಲಸವಲ್ಲ, ನಮ್ಮದು.