ಮುದ್ರೆ ಅಪರಿಚಿತರಿಗೆ, ಬೆಸುಗೆ ಬಲ್ಲವರಿಗೆ

ಕುಣಿಗಲ್ಲಿನ ಓದುಗರೊಬ್ಬರು ಮುತ್ತಾತನ ಕಾಲದ ಬೆಳ್ಳಿ ಕರಡಿಗೆಯ ಫೋಟೊ ಕಳಿಸಿದ್ದಾರೆ. ಮುಚ್ಚಳದ ಒಳಮೈಯಲ್ಲಿ ಚುಕ್ಕಿ ಹೊಡೆದು ಬರೆದ ಮೂರು ಅಕ್ಷರಗಳಿವೆ. ‘ಮಾಡಿದ ಆಚಾರ್ರ ಗುರುತು ಇದೇ ಅಲ್ಲವೇ?’ ಎಂಬುದು ಅವರ ಪ್ರಶ್ನೆ. ಅಲ್ಲ. ನಮ್ಮ ಕಡೆ ಚುಕ್ಕಿ ಅಕ್ಷರ ಸಾಮಾನ್ಯವಾಗಿ ಒಡವೆಯ ಒಡೆಯರದು, ಇಲ್ಲವೇ ಉಡುಗೊರೆ ಕೊಟ್ಟವರದು. ಮದುವೆಗೆ ಕೊಟ್ಟ ಚೊಂಬು, ತಟ್ಟೆಗಳ ಮೇಲೂ ಹೀಗೆಯೇ ಹೆಸರು ಹಾಕಿಸುತ್ತಿದ್ದರು. ಕೆತ್ತಿದವನ ಹೆಸರು ಅಲ್ಲಿ ಇರುವುದಿಲ್ಲ.

ಬೆಳ್ಳಿಯ ಮೇಲಿನ ಮುದ್ರೆಗಳನ್ನು ಓದುವ ಬಗೆಯನ್ನು ಈ ವಾರ ಬರೆಯುತ್ತೇನೆ ಎಂದಿದ್ದೆ. ಇಂಗ್ಲೆಂಡಿನ ಬೆಳ್ಳಿಗಾದರೆ ಅದು ಸಲೀಸು. 1300ರ ಕಾನೂನು ಚಿರತೆಯ ತಲೆಯ ಗುರುತನ್ನು ತಂದಿತು, 1363ರದು ಕುಶಲಕರ್ಮಿಯ ಸ್ವಂತ ಗುರುತನ್ನು ಕಡ್ಡಾಯ ಮಾಡಿತು. 1478ರಿಂದ ವರ್ಷ ಸೂಚಿಸುವ ಅಕ್ಷರವೂ ಸೇರಿತು. ಬ್ರಿಟಿಷರ ಆಳ್ವಿಕೆಯಲ್ಲೂ ನಮ್ಮಲ್ಲಿ ಅಂಥ ಏರ್ಪಾಡು ಬರಲಿಲ್ಲ. ಮದರಾಸಿನ ಪಿ. ಓರ್ ಅಂಡ್ ಸನ್ಸ್, ಬೆಂಗಳೂರಿನ ಬಾರ್ಟನ್, ಭುಜ್‌ನ ಊಮರ್ಸಿ ಮಾವಜಿ ಇವರೆಲ್ಲ ಒತ್ತಿದ್ದು ತಮ್ಮ ತಮ್ಮ ಮುದ್ರೆ. ಅದನ್ನು ಟೀ ಸೆಟ್ಟು, ತಟ್ಟೆ, ಬಹುಮಾನದ ಕಪ್ಪುಗಳ ತಳದಲ್ಲಿ ಹುಡುಕಬೇಕು. ಎಡಿಯೂರು ಜಾತ್ರೆಗೆ ಅಜ್ಜಿ ಕಟ್ಟಿಕೊಂಡು ಹೋಗುತ್ತಿದ್ದ ಡಾಬಿನಲ್ಲಿ ಹುಡುಕಿ ಫಲವಿಲ್ಲ.

ಮುದ್ರೆಯೊಂದನ್ನೇ ನಂಬುವ ಪಂಥದ ಜೊತೆ ನನ್ನ ಜಗಳ ಇಲ್ಲಿಯದೇ. ಮುದ್ರೆ ಇದ್ದರೆ ‘ಆಂಟಿಕ್’, ಇಲ್ಲದಿದ್ದರೆ ಕರಗಿಸುವ ಬೆಳ್ಳಿ ಎಂದು ಅವರು ಬೆಲೆ ಕಟ್ಟುತ್ತಾರೆ. ಇದು ಅಳತೆಗೋಲಿನ ದೋಷ, ಒಡವೆಯದಲ್ಲ. ಇವತ್ತಿನ ಹಾಲ್‌ಮಾರ್ಕ್ ಕೂಡ ಹೇಳುವುದು ಶುದ್ಧತೆಯನ್ನು. 2021ಕ್ಕೆ ಮೊದಲು ಚಿನ್ನದ ಮೇಲೆ ಅಂಗಡಿಯ ಗುರುತಾದರೂ ಇರುತ್ತಿತ್ತು, ಈಗ ಆ ಜಾಗದಲ್ಲಿ ಆರು ಅಂಕಿ-ಅಕ್ಷರಗಳ ಸಂಖ್ಯೆ. ಕುಲುಮೆಯ ಮುಂದೆ ಕೂತವನ ಹೆಸರು ಯಾವುದರಲ್ಲೂ ಇಲ್ಲ.

ಮುದ್ರೆ ಹುಟ್ಟಿದ್ದು ಅಪನಂಬಿಕೆಯಿಂದ. ಆ ಅಪನಂಬಿಕೆಗೆ ಕೌಟಿಲ್ಯ ಕೊಟ್ಟ ಉತ್ತರ ಬೇರೆ. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಾಶಾಸ್ತ್ರಿಗಳು ಓಲೆಗರಿಯಿಂದ ಎತ್ತಿ 1909ರಲ್ಲಿ ಅಚ್ಚು ಹಾಕಿಸಿದ ಅರ್ಥಶಾಸ್ತ್ರದಲ್ಲಿ ಅಕ್ಷಶಾಲೆಯ ಪ್ರಕರಣವಿದೆ. ನಾಲ್ಕು ಕೋಣೆಗಳ ಆ ಚಿನ್ನ-ಬೆಳ್ಳಿ ಕಾರ್ಖಾನೆಗೆ ಬಾಗಿಲು ಒಂದೇ. ಕೆಲಸದವರು ಒಳಗೆ ಹೋಗುವಾಗಲೂ ಹೊರಗೆ ಬರುವಾಗಲೂ ಬಟ್ಟೆ, ಮೈ ತಡವಿ ನೋಡಬೇಕು. ಬಿಳಿಯಾಗಿ, ನುಣುಪಾಗಿ, ಮೃದುವಾಗಿ ಇರುವ ಬೆಳ್ಳಿ ಉತ್ತಮ. ಬಿರುಕು ಬಿಡುವುದು ಕೆಟ್ಟದ್ದು. ಕಲಬೆರಕೆಯನ್ನು ಕಾಲುಭಾಗ ಸೀಸ ಸೇರಿಸಿ ಶುದ್ಧಿ ಮಾಡಬೇಕು. ಮುಂದಿನ ಪ್ರಕರಣದಲ್ಲಿ ಅಕ್ಕಸಾಲಿಗರು ಕದಿಯುವ ಐದು ದಾರಿಗಳನ್ನು ತಕ್ಕಡಿಯ ಮೋಸದಿಂದ ಶುರುಮಾಡಿ ಒಂದೊಂದಾಗಿ ಬಿಡಿಸಿಡುತ್ತಾನೆ. ಕೆಲಸದ ಒಳಹೊರಗು ಬಲ್ಲವನು ಮಾತ್ರ ಬರೆಯಬಹುದಾದ ಪುಟಗಳು ಅವು.

ಲಂಡನ್ ಮುದ್ರೆ ಒತ್ತಿತು, ಕೌಟಿಲ್ಯ ಕಾವಲು ಹಾಕಿದ. ನಮ್ಮ ಹಳ್ಳಿಗಳಿಗೆ ಎರಡೂ ಬೇಕಿರಲಿಲ್ಲ. ಆಚಾರ್ರು ಪಕ್ಕದ ಬೀದಿಯವರು. ಕರಗಿಸುವ ರೂಪಾಯಿಗಳನ್ನು ಮನೆಯವರೇ ಎಣಿಸಿ ಕೊಡುತ್ತಿದ್ದರು, ಕಡಗ ಸಿದ್ಧವಾದ ಮೇಲೆ ತೂಗಿ ತರುತ್ತಿದ್ದರು. ಯಾರ ಕೈಕೆಲಸ ಎಂದು ಊರಿಗೇ ಗೊತ್ತಿತ್ತು. ಹೆಸರು ಹಾಕುವುದು ನಮ್ಮವರಿಗೆ ತಿಳಿಯದ ವಿದ್ಯೆಯೇನಲ್ಲ. ಬೇಲೂರಿನ ಮದನಿಕೆಯ ಪೀಠದಲ್ಲಿ ಬಳ್ಳಿಗಾವೆಯ ದಾಸೋಜನ ಹೆಸರಿದೆ. ಸೋಮನಾಥಪುರದಲ್ಲಿ ಮಲ್ಲಿತಮ್ಮ ‘ಮಲ್ಲಿ’ ಎಂದೂ, ಬರೀ ‘ಮ’ ಎಂದೂ ಕಡೆದಿದ್ದಾನೆ. ಅದು ಅಪ್ಪಟ ಕುಶಲಕರ್ಮಿಯ ಮುದ್ರೆ. ದೇವಾಲಯಕ್ಕೆ ದೂರದೂರದ ಜನ ಬರುತ್ತಾರೆ, ಶಿಲ್ಪಿ ಮುಂದಿನ ಕೆಲಸಕ್ಕೆ ಇನ್ನೊಂದು ಊರಿಗೆ ಹೋಗುತ್ತಾನೆ, ಅಲ್ಲಿ ಹೆಸರು ಬೇಕು. ಬೀದಿಯಲ್ಲೇ ಇದ್ದವನಿಗೆ ಹೆಸರು ಕೆತ್ತುವ ಅಗತ್ಯ ಬೀಳಲಿಲ್ಲ ಎಂಬುದು ನನ್ನ ದೃಢ ನಂಬಿಕೆ.

ಹಾಗಾದರೆ ಇವತ್ತು ಗುರುತು ಹಿಡಿಯುವುದು ಹೇಗೆ? ಮೊದಲು ತೂಕ. ಹಳೆಯ ಬೆಳ್ಳಿ ರೂಪಾಯಿ ಒಂದು ತೊಲ, ಅಂದರೆ 11.66 ಗ್ರಾಂ. ಕಡಗ 233 ಗ್ರಾಂ ಆಸುಪಾಸು ತೂಗಿದರೆ ಅದು ಇಪ್ಪತ್ತು ರೂಪಾಯಿ ತೂಕದ್ದು. ಸವೆತಕ್ಕೆ ಸ್ವಲ್ಪ ಬಿಡಿ. ಆಮೇಲೆ ಟಚ್, ಅಂದರೆ ಬೆಳ್ಳಿಯ ಶುದ್ಧತೆ. 1940ಕ್ಕೆ ಮೊದಲಿನ ರೂಪಾಯಿಯಲ್ಲಿ ನೂರಕ್ಕೆ 91.7 ಭಾಗ ಬೆಳ್ಳಿ, ಯುದ್ಧಕಾಲದ ರೂಪಾಯಿಯಲ್ಲಿ ಅರ್ಧಕ್ಕರ್ಧ. ಟಚ್ ತೊಂಬತ್ತರ ಹತ್ತಿರವೋ ಐವತ್ತರ ಹತ್ತಿರವೋ ಎಂಬುದು ಕಾಲದ ಸುಳಿವು.

ಕೈಯ ಗುರುತು ಇರುವುದು ತಿರುಪಿನಲ್ಲಿ ಮತ್ತು ಬೆಸುಗೆಯಲ್ಲಿ. ಭೂತಗನ್ನಡಿ ಹಿಡಿದು ಕರಡಿಗೆಯ ಅಥವಾ ಡಾಬಿನ ತಿರುಪು ನೋಡಿ. ಕಂಬಿ ಸುತ್ತಿ ಬೆಸೆದ ಹಳೆಯ ತಿರುಪಿನ ಸುತ್ತುಗಳು ಒಂದೇ ಸಮ ಇರುವುದಿಲ್ಲ, ಅದು ತನ್ನ ಜೋಡಿ ತೂತಿನಲ್ಲಿ ಮಾತ್ರ ಕೂರುತ್ತದೆ. ಬೆಸುಗೆ ಎಷ್ಟು ಹರಿದಿದೆ, ಅರ ಯಾವ ಕಡೆಯಿಂದ ಹಾಕಿದ್ದಾರೆ ಎಂಬುದು ಕೈಬರಹದ ಹಾಗೆ ಒಬ್ಬೊಬ್ಬರದು ಒಂದೊಂದು. ಅಚ್ಚಿನಲ್ಲಿ ತಟ್ಟಿದ ಹೂವುಗಳಿದ್ದರೆ ಎಸಳುಗಳನ್ನು ಹೋಲಿಸಿ. ಅಚ್ಚು ಸೀಳಿದ್ದರೆ ಆ ಗೆರೆ ಪ್ರತಿ ಹೂವಿನಲ್ಲೂ ಅದೇ ಜಾಗದಲ್ಲಿ ಏಳುತ್ತದೆ. ಅದೇ ಗೆರೆ ನಿಮ್ಮ ಸೋದರತ್ತೆಯ ವಂಕಿಯಲ್ಲೂ ಸಿಕ್ಕರೆ ಎರಡೂ ಒಂದೇ ಅಚ್ಚಿನವು, ಬಹುಪಾಲು ಒಂದೇ ಕುಲುಮೆಯವು. ‘ಆ ಒಡವೆ ಯಾರ ಹತ್ತಿರ ಮಾಡಿಸಿದ್ದು?’ ಎಂದು ಅತ್ತೆಯನ್ನು ಕೇಳಿ. ಹೆಸರು ಸಿಗುವುದು ಅಲ್ಲಿ.

ಹಳೆಯದನ್ನು ಅಂಗಡಿಗೆ ಹಾಕಿ ಹೊಸದು ತರುವವರಿಗೆ, ಬೆಳ್ಳಿಯೇ ಇಲ್ಲದ ಜರ್ಮನ್ ಸಿಲ್ವರಿನ ಹೊಳಪಿಗೆ ಮರುಳಾಗುವವರಿಗೆ ನನ್ನದೊಂದು ಬೇಡಿಕೆ. ಕೊಡುವ ಮುನ್ನ ತೂಕ ಬರೆದಿಡಿ. ತಿರುಪು, ಬೆಸುಗೆ, ಒಳಮೈಗಳ ಫೋಟೊ ತೆಗೆಯಿರಿ. ಯಾವ ಮನೆಯಿಂದ ಬಂತು, ಯಾರು ಮಾಡಿದ್ದು ಎಂದು ಮನೆಯ ಹಿರಿಯರ ಬಾಯಿಂದ ಕೇಳಿ ಬರೆದುಕೊಳ್ಳಿ. ಕುಣಿಗಲ್ಲಿನ ಓದುಗರೇ, ಆ ಮೂರು ಅಕ್ಷರ ನಿಮ್ಮ ಮುತ್ತಾತನದೇ ಇರಬೇಕು. ಮಾಡಿದ ಆಚಾರ್ರ ಹೆಸರು ಗೊತ್ತಾದ ದಿನ ಅದನ್ನೂ ಕಾಗದದಲ್ಲಿ ಬರೆದು ಕರಡಿಗೆಯ ಜೊತೆಗೇ ಇಡಿ.