ತಿರುಗುಬಿಲ್ಲೆಯ ಶುದ್ಧೀಕರಣ: ಒಂದು ವಿಮರ್ಶೆ

ಕೊಳಚೆ ನೀರಿನ ಶುದ್ಧೀಕರಣಕ್ಕೆ ತಿರುಗುಬಿಲ್ಲೆಯ ಪದ್ಧತಿಯೇ ಎಲ್ಲೆಡೆಯೂ ಶ್ರೇಷ್ಠವೆಂಬ ಮಾತನ್ನು ಒಪ್ಪಲಾಗದು. 1914ರಲ್ಲಿ ಮ್ಯಾಂಚೆಸ್ಟರಿನಲ್ಲಿ ರೂಪುಗೊಂಡ ಕ್ರಿಯಾಶೀಲ ಕೆಸರಿನ ಪದ್ಧತಿಗೆ ಎಡೆಬಿಡದೆ ಗಾಳಿಯನ್ನೂದಬೇಕು. ಆಕ್ಸೀಕರಣ ಕೊಳಕ್ಕೆ ವಿಸ್ತಾರವಾದ ನೆಲ ಬೇಕು. ಬಿಲ್ಲೆಗಳಾದರೋ ಶೇಕಡ 40ರಷ್ಟು ಮುಳುಗಿ, ನಿಮಿಷಕ್ಕೆ ಒಂದೆರಡು ಸುತ್ತು ತಿರುಗುತ್ತವೆ; ಅವುಗಳ ಮೇಲಣ ಜೀವಾಣುಗಳ ಪದರವು ಮುಳುಗಿದಾಗ ಆಹಾರವನ್ನೂ ಮೇಲೆದ್ದಾಗ ಗಾಳಿಯನ್ನೂ ಪಡೆಯುತ್ತದೆ. ವಿದ್ಯುತ್ತಿನ ಉಳಿತಾಯ ನಿಜ. ಆದರೆ ಪದರವು ದಪ್ಪವಾದಂತೆ ಭಾರವೆಲ್ಲವೂ ಅಚ್ಚಿನ ಮೇಲೆ ಬೀಳುತ್ತದೆ. ಅಚ್ಚು ಮುರಿದರೆ ಕೆಲಸವೇ ನಿಲ್ಲುತ್ತದೆ.

ಮಾದನಾಯಕನಹಳ್ಳಿಯಲ್ಲಿ ಮನೆಗಳೂ ಕಾರ್ಖಾನೆಗಳೂ ನೆರೆಹೊರೆಯಾಗಿವೆ. ಲೋಹಲೇಪನದ ವಿಷಜಲವು ಮನೆಯ ಕೊಳಚೆಯೊಡನೆ ಬೆರೆತರೆ ಯಾವ ಪದ್ಧತಿಯ ಜೀವಾಣುಗಳೂ ಕುಗ್ಗುತ್ತವೆ. ಈ ಸೀಮೆಯ ನೀರು ಹರಿಯುವುದು ಅರ್ಕಾವತಿಗೆ, ಮುಂದೆ ತಿಪ್ಪಗೊಂಡನಹಳ್ಳಿಯ ಜಲಾಶಯಕ್ಕೆ. ಆದುದರಿಂದ ಮೊದಲು ಕಾರ್ಖಾನೆಯ ನೀರನ್ನು ಬೇರ್ಪಡಿಸತಕ್ಕದ್ದು. ಆ ಬಳಿಕ ಚಿಕ್ಕ ಬಡಾವಣೆಗಳಿಗೆ ಬಿಲ್ಲೆಯೇ ಮೇಲೆಂದು ಹೇಳಬಹುದು.